ಸ್ನೋಮೊಬೈಲ್‌ನ ಹಿಂದಿನ ಶಾಕ್ ಸತ್ತಿದೆ: ರಿಪೇರಿ ಮಾಡಿಸುವುದಾ, ಹೊಸದು ಹಾಕುವುದಾ?

ಹೆಗ್ಗೋಡಿನ ಹೌಟನ್ನಿಗ · ಜನವರಿ 11, ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಈಗ ಆರು ವರ್ಷದಿಂದ ಮಿಶಿಗನ್‌ನ ಮೇಲ್ತುದಿಯ ಹೌಟನ್‌ನಲ್ಲಿದ್ದೇನೆ. ನಮ್ಮ ಆಗುಂಬೆಗೆ ಮಳೆ ಹೇಗೋ, ಈ ಕೆವೀನಾ ಸೀಮೆಗೆ ಹಿಮ ಹಾಗೆ. ಸುಪೀರಿಯರ್ ಸರೋವರದ ಮೇಲಿಂದ ಬರುವ ಗಾಳಿ ಎಲ್ಲವನ್ನೂ ಇಲ್ಲೇ ಸುರಿಸಿ ಹೋಗುತ್ತದೆ. ಮೊಹಾಕ್ ಊರಿನ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಹಿಮ ಅಳೆಯುವ ಎತ್ತರದ ಕಂಬ ನಿಲ್ಲಿಸಿದ್ದಾರೆ. 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದಿತ್ತು ಅಂತ ಅದರ ಮೇಲೆ ಗುರುತಿದೆ. ಹತ್ತಿರ ಹತ್ತಿರ ಹತ್ತು ಮೀಟರ್.

ಇಂಥ ಊರಲ್ಲಿ ಸ್ನೋಮೊಬೈಲ್ (ಮುಂದೆ ಸ್ಕೀ, ಹಿಂದೆ ಸುತ್ತುವ ರಬ್ಬರ್ ಟ್ರ್ಯಾಕ್ ಇರುವ ಹಿಮದ ಗಾಡಿ) ಇಲ್ಲದೆ ಚಳಿಗಾಲ ಕಳೆಯುವುದು ಕಷ್ಟ. ಎರಡು ವರ್ಷದ ಹಿಂದೆ ಹಳೇ ಗಾಡಿ ಒಂದನ್ನು ಕೊಂಡೆ. 121 ಇಂಚಿನ ಟ್ರ್ಯಾಕ್, ಇಲ್ಲಿಯವರೆಗೆ 4,800 ಮೈಲಿ ಓಡಿದೆ. ಇಂಜಿನ್ ಗಟ್ಟಿಯಾಗಿದೆ. ತೊಂದರೆ ಇರುವುದು ಹಿಂದಿನ ಸಸ್ಪೆನ್ಷನ್‌ನಲ್ಲಿ.

ಹಳೇ ರೈಲು ದಾರಿಯನ್ನೇ ಇಲ್ಲಿ ಟ್ರೇಲ್ ಮಾಡಿದ್ದಾರೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಅಲೆ ಅಲೆಯಾಗಿ ಗುಂಡಿ ಬಿದ್ದಿರುತ್ತವೆ. ಅವುಗಳ ಮೇಲೆ ಹೋದರೆ ಗಾಡಿಯ ಹಿಂಭಾಗ ಎಗರಿ, ಮತ್ತೆ ಡಬ್ ಅಂತ ಕೂರುತ್ತದೆ. ಒಂದು ಅಲೆಗೆ ಎರಡು ಮೂರು ಸಲ ಕುಣಿಯುತ್ತದೆ. ಹೆಂಡತಿ ಹಿಂದೆ ಕೂತರೆ ಪ್ರತಿ ಗುಂಡಿಗೂ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಇವತ್ತು ಮನೆಗೆ ಬಂದ ಮೇಲೆ ಒಂದು ಗಂಟೆ ಅವಳು ಸೊಂಟ ಹಿಡಿದುಕೊಂಡೇ ಕೂತಿದ್ದಳು. ನನಗೆ ಅದೇ ಬೇಜಾರು.

ಬ್ಯಾಟರಿ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಹಿಂದಿನ ಶಾಕ್‌ನ (ಶಾಕ್ ಅಬ್ಸಾರ್ಬರ್) ರಾಡ್ ಸುತ್ತ ಕಪ್ಪಗೆ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿಕೊಂಡಿದೆ. ಒಂದು ಅಂಗಡಿಗೆ ಫೋನ್ ಮಾಡಿದರೆ ಗಾಡಿ ನೋಡದೆಯೇ "ಎರಡೂ ಹೊಸದು ಹಾಕಿಸಿ" ಅಂದರು. ಕೂಲಿ ಸೇರಿ 800 ಡಾಲರ್ ಹತ್ತಿರ ಹೇಳಿದರು. ಗಾಡಿ ಕೊಂಡಿದ್ದೇ 2,600ಕ್ಕೆ. ಏನು ಮಾಡಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಡುಲೂತ್ ದೊಡ್ಡಪ್ಪ · ಜನವರಿ 11, ರಾತ್ರಿ

ಮಗಾ, ಇವತ್ತು ರಾತ್ರಿ ಏನೂ ಆರ್ಡರ್ ಮಾಡಬೇಡ. ಶಾಕ್ ಬಿಚ್ಚಿ, ಕೈಯಲ್ಲಿ ಹಿಡಿದು, ಒತ್ತಿ ನೋಡುವವರೆಗೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡ. ಮಿನೆಸೋಟದಲ್ಲಿ ಇಪ್ಪತ್ತೆರಡು ಚಳಿಗಾಲ ಕಳೆದಿದ್ದೇನೆ. ಶಾಕ್ ಹೋಗಿದೆ ಅಂತ ನನ್ನ ಹತ್ತಿರ ತಂದ ಗಾಡಿಗಳಲ್ಲಿ ಎಷ್ಟೋ ಸಲ ಶಾಕ್ ಸರಿಯಾಗಿಯೇ ಇತ್ತು. ಬುಶ್ (ಬೋಲ್ಟ್ ಕೂರುವ ತೂತಿನ ಒಳಬಳೆ) ಸವೆದಿತ್ತು, ಇಲ್ಲ ಸ್ಪ್ರಿಂಗ್ ಕೂತುಹೋಗಿತ್ತು, ಇಲ್ಲ ಸ್ಪ್ರಿಂಗ್ ಬಿಗಿ ಮಾಡುವ ಬ್ಲಾಕ್ ತೀರಾ ಕೆಳಗಿನ ಮೆಟ್ಟಿಲಲ್ಲಿತ್ತು.

ಎಣ್ಣೆ ಜಿನುಗಿದೆ ಅಂದರೆ ರಾಡ್ ಸುತ್ತ ಎಣ್ಣೆ ತಡೆಯುವ ಸೀಲ್ ಹೋಗಿರುವುದು ನಿಜ. ಆದರೆ ಸೀಲ್ ಹೋದ ಮಾತ್ರಕ್ಕೆ ಇಡೀ ಶಾಕ್ ಹೋಯಿತು ಅಂತಲ್ಲ. ಶಾಕ್‌ನ ತಲೆಯ ಕಡೆ ನೋಡು. ಸ್ಪ್ಯಾನರ್ ಹಾಕಿ ತಿರುಗಿಸುವ ಮುಚ್ಚಳ ಇದೆಯಾ, ಗ್ಯಾಸ್ ತುಂಬುವ ವಾಲ್ವ್ ಇದೆಯಾ? ಇದ್ದರೆ ಅದನ್ನು ಬಿಚ್ಚಿ ಸರಿ ಮಾಡಬಹುದು. ತಗಡನ್ನು ಒಳಕ್ಕೆ ಮಡಚಿ ಮುಚ್ಚಿದ್ದರೆ ಅದು ಸೀಲ್ ಮಾಡಿದ ಶಾಕ್. ಅದಕ್ಕೆ ರಿಪೇರಿ ಇಲ್ಲ, ಬದಲಾಯಿಸಬೇಕು.

ಪೇಡೆ ಊರಿನವ · ಜನವರಿ 12, ಬೆಳಿಗ್ಗೆ

ಸರ್, ನಾನೂ ಹೌಟನ್‌ನಲ್ಲೇ ಓದುತ್ತಿದ್ದೇನೆ, ಧಾರವಾಡದವನು. ಮುಂದಿನ ವರ್ಷ ಗಾಡಿ ಕೊಳ್ಳುವ ಆಸೆ ಇದೆ. ನನಗೆ ಮೂಲದಿಂದಲೇ ಹೇಳಿ ರೀ. ಹಿಂದಿನ ಶಾಕ್ ಅಂತೀರಿ, ಎರಡು ಅಂತೀರಿ. ಎರಡೂ ಹಿಂದೇನಾ? ಬೈಕಿನ ಹಾಗೆ ಎಡಕ್ಕೊಂದು ಬಲಕ್ಕೊಂದಾ?

ಸಡ್ಬರಿ ಅಕ್ಕ · ಜನವರಿ 12, ಬೆಳಿಗ್ಗೆ

ಒಳ್ಳೆ ಪ್ರಶ್ನೆ ತಮ್ಮಾ. ಬೈಕಿನ ಹಾಗಲ್ಲ.

ಗಾಡಿಯ ಹೊಟ್ಟೆಯ ಕೆಳಗೆ ರಬ್ಬರ್ ಟ್ರ್ಯಾಕ್ ಸುತ್ತುತ್ತದೆ ಅಲ್ವಾ? ಅದರ ಒಳಗೆ ಎರಡು ಅಲ್ಯೂಮಿನಿಯಂ ಹಳಿಗಳಿರುತ್ತವೆ. ಹಳಿಯ ತಳಕ್ಕೆ ಜಾರುವ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಟ್ರ್ಯಾಕ್ ಈ ಪಟ್ಟಿಯ ಮೇಲೆ ಜಾರುತ್ತದೆ, ಜಾರುವುದಕ್ಕೆ ಹಿಮವೇ ಎಣ್ಣೆ, ಹಿಮವೇ ತಂಪು. ಹಿಮವಿಲ್ಲದ ರಸ್ತೆಯಲ್ಲಿ ಓಡಿಸಿದರೆ ಪಟ್ಟಿ ಕರಗುವುದು ಇದೇ ಕಾರಣಕ್ಕೆ. ಹಳಿಗಳನ್ನು ಗಾಡಿಯ ಮೈಗೆ ಎರಡು ತೋಳುಗಳು ಹಿಡಿದಿರುತ್ತವೆ, ಮುಂದೊಂದು ಹಿಂದೊಂದು. ಒಂದೊಂದು ತೋಳಿಗೆ ಒಂದೊಂದು ಶಾಕ್. ಹೀಗಾಗಿ ಎರಡೂ ಟ್ರ್ಯಾಕ್ ಒಳಗೇ ಇರುತ್ತವೆ, ಒಂದರ ಹಿಂದೆ ಒಂದು.

ಮುಂದಿನದು ಚಿಕ್ಕದು. ಇಲ್ಲಿ ಅದಕ್ಕೆ ಸೆಂಟರ್ ಶಾಕ್ ಅಂತಾರೆ. ನಿಮ್ಮ ಕಾಲಿನ ಕೆಳಗೆ ಬರುತ್ತದೆ. ಅಲೆ ಬಂದಾಗ ಮೊದಲ ಪೆಟ್ಟು ಅದಕ್ಕೆ. ಸ್ಕೀ ಮೇಲೆ ಎಷ್ಟು ಭಾರ ಬೀಳಬೇಕು ಅನ್ನುವುದನ್ನೂ ಅದರ ಸ್ಪ್ರಿಂಗ್ ತೀರ್ಮಾನಿಸುತ್ತದೆ. ಹಿಂದಿನದು ಉದ್ದದ್ದು. ನಿಮ್ಮ ಭಾರ, ಹಿಂದೆ ಕೂತವರ ಭಾರ, ಎಗರಿ ಬಿದ್ದ ಭಾರ ಎಲ್ಲಾ ಅದರ ಪಾಲಿಗೆ. ಅದಕ್ಕೆ ಜೊತೆಯಾಗಿ ಎಡಕ್ಕೆ ಬಲಕ್ಕೆ ಸುರುಳಿ ಸುತ್ತಿದ ಎರಡು ದಪ್ಪ ಸ್ಪ್ರಿಂಗ್.

ಸ್ಪ್ರಿಂಗ್ ಹೊರುತ್ತದೆ, ಶಾಕ್ ತಡೆಯುತ್ತದೆ. ಇಷ್ಟು ಗೊತ್ತಾದರೆ ಮುಕ್ಕಾಲು ಗೊತ್ತಾದಂತೆ. ಶಾಕ್ ಸತ್ತರೆ ಗಾಡಿ ಕುಸಿಯುವುದಿಲ್ಲ, ಕುಣಿಯುತ್ತದೆ. ಹೆಗ್ಗೋಡಿನವರು ಒಂದು ಅಲೆಗೆ ಮೂರು ಸಲ ಕುಣಿಯುತ್ತದೆ ಅಂದರಲ್ಲ, ಅದು ಶಾಕ್ ಕೆಲಸ ಮಾಡದ ಲಕ್ಷಣ. ತಳಕ್ಕೆ ಬಡಿಯುವುದಕ್ಕೆ ಸ್ಪ್ರಿಂಗೂ ಕಾರಣ ಇರಬಹುದು.

ಶಾಕ್ ಒಳಗೆ ಎಣ್ಣೆ ಇದೆ. ರಾಡ್ ತುದಿಯ ಪಿಸ್ಟನ್‌ನಲ್ಲಿ ತೂತುಗಳಿವೆ. ಆ ತೂತುಗಳನ್ನು ತೆಳ್ಳನೆ ಉಕ್ಕಿನ ಬಿಲ್ಲೆಗಳು ಮುಚ್ಚಿರುತ್ತವೆ. ಎಣ್ಣೆ ಈ ಬಿಲ್ಲೆಗಳನ್ನು ಬಗ್ಗಿಸಿಕೊಂಡು ನುಗ್ಗಬೇಕು, ಅದೇ ತಡೆ. ರಾಡ್ ಒಳಗೆ ಬಂದಷ್ಟು ಜಾಗ ಬೇಕಲ್ಲ? ಅದಕ್ಕೆ ಕೊಳವೆಯ ಇನ್ನೊಂದು ತುದಿಯಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಎಣ್ಣೆಗೂ ಗ್ಯಾಸಿಗೂ ನಡುವೆ ಒಂದು ತೇಲುವ ಪಿಸ್ಟನ್. ಗ್ಯಾಸ್ ಒತ್ತುತ್ತಿರುವವರೆಗೆ ಎಣ್ಣೆ ನೊರೆಯಾಗುವುದಿಲ್ಲ. ಗ್ಯಾಸ್ ಸೋರಿಹೋದರೆ ಎಣ್ಣೆಯಲ್ಲಿ ಗುಳ್ಳೆ ಏಳುತ್ತವೆ. ಬಿಲ್ಲೆಗೆ ತಡೆಯಲು ಎಣ್ಣೆ ಸಿಗದೆ ನೊರೆ ಸಿಗುತ್ತದೆ. ಮೊದಲ ಹತ್ತು ಮೈಲಿ ಚೆನ್ನಾಗಿದ್ದು ಆಮೇಲೆ ಕುಣಿಯಲು ಶುರು ಮಾಡುವುದು ಅದಕ್ಕೇ.

ಮೈಸೂರು ಮೆಕ್ಯಾನಿಕ್ · ಜನವರಿ 12, ಸಂಜೆ

ಮೇಡಂ ಚೆನ್ನಾಗಿ ಹೇಳಿದರು. ನಾನು ಸ್ನೋಮೊಬೈಲ್ ಮುಟ್ಟಿದವನಲ್ಲ. ಮೂವತ್ತು ವರ್ಷದಿಂದ ಬೈಕ್ ಕೆಲಸ. ಯೆಜ್ಡಿ ಕಾಲದ ಹಿಂದಿನ ಶಾಕ್‌ಗಳಲ್ಲಿ ಗ್ಯಾಸ್ ಇರಲಿಲ್ಲ, ಎಣ್ಣೆ ಮಾತ್ರ. ಈಗ ಪಲ್ಸರ್ ಥರದ ಗಾಡಿಗಳಿಗೆ ಪಕ್ಕದಲ್ಲಿ ಡಬ್ಬಿ ಇರುವ ಗ್ಯಾಸ್ ಶಾಕ್ ಬಂದಿದೆ. ಅದಕ್ಕೇ ಒಂದು ಮಾತು ಹೇಳಲೇಬೇಕು.

ಗ್ಯಾಸ್ ಬಿಡದೆ ಮುಚ್ಚಳಕ್ಕೆ ಕೈ ಹಾಕಬೇಡಿ. ಕಾರಿನ ಟೈರಿನಲ್ಲಿ 32 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಇರುತ್ತದೆ. ಇದರಲ್ಲಿ 200ರ ಸುತ್ತಮುತ್ತ ಇರುತ್ತದೆ. ಮುಚ್ಚಳ ಲೂಸ್ ಆದರೆ ರಾಡ್ ಸಮೇತ ಮುಖಕ್ಕೆ ಹಾರುತ್ತದೆ. ನನ್ನ ಜೊತೆ ಕೆಲಸಕ್ಕಿದ್ದ ಹುಡುಗನಿಗೆ ಗಲ್ಲ ಸೀಳಿ ಏಳು ಹೊಲಿಗೆ ಬಿದ್ದವು. ಸೀಲ್ ಮಾಡಿದ ಶಾಕ್‌ಗೆ ತೂತು ಕೊರೆದು, ಎಣ್ಣೆ ಹಾಕಿ, ವೆಲ್ಡ್ ಮಾಡಿಕೊಡುವವರೂ ಇದ್ದಾರೆ. ಅದನ್ನಂತೂ ಮಾಡಿಸಲೇಬೇಡಿ. ಎಣ್ಣೆ ತುಂಬಿದ, ಮುಚ್ಚಿದ ಕೊಳವೆಗೆ ಬೆಂಕಿ ತೋರಿಸುವುದು ಅಂದರೆ ಬಾಂಬ್ ಹಿಡಿದುಕೊಂಡಂತೆ.

ಪೇಡೆ ಊರಿನವ · ಜನವರಿ 12, ಸಂಜೆ

ನೈಟ್ರೋಜನ್ನೇ ಯಾಕೆ? ಸುಮ್ನೆ ಗಾಳಿ ತುಂಬಿದರೆ ಆಗುವುದಿಲ್ಲವಾ?

ಸಡ್ಬರಿ ಅಕ್ಕ · ಜನವರಿ 12, ಸಂಜೆ

ಕಂಪ್ರೆಸರ್ ಗಾಳಿಯಲ್ಲಿ ನೀರಿನ ಆವಿ ಇರುತ್ತದೆ. ಒಳಗೆ ತುಕ್ಕು ಹಿಡಿಯುತ್ತದೆ, ನಮ್ಮ ಚಳಿಗೆ ಆ ನೀರು ಹೆಪ್ಪುಗಟ್ಟುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಬಿಸಿ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ನೈಟ್ರೋಜನ್ ಒಣ ಗ್ಯಾಸ್, ಯಾವುದರ ಜೊತೆಗೂ ಸೇರುವುದಿಲ್ಲ. ಮನೆಯ ಕಂಪ್ರೆಸರ್ ಅಷ್ಟು ಒತ್ತಡ ಕೊಡುವುದೂ ಇಲ್ಲ.

ಚಳಿಗೆ ನೈಟ್ರೋಜನ್ ಒತ್ತಡವೂ ಇಳಿಯುತ್ತದೆ, ಅದು ಬೇರೆ ವಿಷಯ. 20 ಡಿಗ್ರಿ ಇರುವ ಗ್ಯಾರೇಜಿನಲ್ಲಿ 200 ಪಿಎಸ್‌ಐ ತುಂಬಿದ್ದು ಮೈನಸ್ 25ರಲ್ಲಿ ಸುಮಾರು 167ಕ್ಕೆ ಬರುತ್ತದೆ. ಓಡುತ್ತಾ ಓಡುತ್ತಾ ಶಾಕ್ ಬಿಸಿಯಾದರೆ ಮತ್ತೆ ಏರುತ್ತದೆ. ಹಾಗಾಗಿ ಶಾಕ್ ಪರೀಕ್ಷೆ ಮಾಡುವಾಗ ಬೆಚ್ಚಗಿನ ಜಾಗದಲ್ಲಿ ರಾತ್ರಿಯಿಡೀ ಇಟ್ಟು ಮಾಡಿ.

ಹೆಗ್ಗೋಡಿನವರೇ, ಶಾಕ್ ಬಿಚ್ಚಿದ ಮೇಲೆ ಒಂದು ಕೆಲಸ ಮಾಡಿ. ರಾಡ್‌ನ ದಪ್ಪ ಅಳೆಯಿರಿ. ಅರ್ಧ ಇಂಚಿದ್ದರೆ ಅದರ ಅಡ್ಡ ಸೀಳಿನ ವಿಸ್ತೀರ್ಣ 0.196 ಚದರ ಇಂಚು. 200 ಪಿಎಸ್‌ಐ ಇದ್ದರೆ ಅದು ರಾಡ್ ಅನ್ನು 39 ಪೌಂಡ್ ಬಲದಲ್ಲಿ ಹೊರಕ್ಕೆ ತಳ್ಳುತ್ತಿರುತ್ತದೆ. ಹತ್ತಿರ ಹತ್ತಿರ 18 ಕೇಜಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಶಾಕ್ ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ ಒತ್ತಿ. ರಾಡ್ ಒಳಗೆ ಸರಿಯಲು ಶುರುವಾದಾಗ ಅಲ್ಲೇ ಹಿಡಿದು ಓದಿ. ಸೀಲ್‌ನ ಹಿಡಿತ ಇರುವುದರಿಂದ ಕರಾರುವಾಕ್ಕು ಅಲ್ಲ. ಆದರೆ ಗ್ಯಾಸ್ ಇದೆಯಾ ಇಲ್ಲವಾ ಅನ್ನುವುದು ತಿಳಿಯುತ್ತದೆ.

ಮಡಿಕೇರಿ ಮಾಜಿ ಯೋಧ · ಜನವರಿ 13, ಬೆಳಿಗ್ಗೆ

ಈ ಚರ್ಚೆ ಓದಿ ಹಳೆಯದೆಲ್ಲ ನೆನಪಾಯಿತು. ಸಿಯಾಚಿನ್‌ನಲ್ಲಿ ನಮ್ಮ ಸೇನೆ ಇದೇ ಗಾಡಿ ಬಳಸುತ್ತದೆ. ಅಲ್ಲಿ ನಾವು ಸ್ನೋ ಸ್ಕೂಟರ್ ಅನ್ನುತ್ತಿದ್ದೆವು. ಸೀಮೆಎಣ್ಣೆ, ರೇಷನ್ ಎಲ್ಲಾ ಅದರ ಹಿಂದೆ ಜಾರುಬಂಡಿ ಕಟ್ಟಿ ಎಳೆದದ್ದಿದೆ.

ಶಾಕ್ ರಿಪೇರಿ ನನಗೆ ಗೊತ್ತಿಲ್ಲ. ಹಿಮದಲ್ಲಿ ಕಲಿತ ಒಂದು ಪಾಠ ಹೇಳುತ್ತೇನೆ. ಸಂಜೆ ಗಾಡಿ ನಿಲ್ಲಿಸುವಾಗ ಟ್ರ್ಯಾಕ್ ಒಳಗಿನ ಹಿಮ ಬಡಿದು ತೆಗೆಯಬೇಕು, ಹಲಗೆಯ ಮೇಲೆ ನಿಲ್ಲಿಸಬೇಕು. ಬಿಟ್ಟರೆ ರಾತ್ರಿ ಆ ಹಿಮ ಕಲ್ಲಾಗುತ್ತದೆ. ಬೆಳಿಗ್ಗೆ ಎಬ್ಬಿಸಿದಾಗ ರಾಡ್ ಮೇಲೆ ಕೂತ ಮಂಜುಗಡ್ಡೆ ಸೀಲ್ ಒಳಗೆ ಹೋಗಿ ಅದನ್ನು ಹರಿಯುತ್ತದೆ. ಹಿಂಭಾಗವನ್ನು ನಾಲ್ಕು ಸಲ ಎತ್ತಿ ಬಿಟ್ಟು, ಎಲ್ಲ ಸಡಿಲ ಆದ ಮೇಲೇ ಹೊರಡಬೇಕು.

ಹೆಗ್ಗೋಡಿನ ಹೌಟನ್ನಿಗ · ಜನವರಿ 13, ರಾತ್ರಿ

ಎಲ್ಲರಿಗೂ ಧನ್ಯವಾದ. ಸಾರ್, ನಿಮ್ಮ ಮಾತು ಓದಿ ನಾಚಿಕೆಯಾಯಿತು. ಈ ಎರಡು ವರ್ಷ ನಾನು ಒಮ್ಮೆಯೂ ಹಾಗೆ ಬಡಿದು ತೆಗೆದಿಲ್ಲ.

ನಿನ್ನೆ ಗಾಡಿಯನ್ನು ಗ್ಯಾರೇಜಿಗೆ ತಳ್ಳಿದೆ. ಒಳಗೆ ಇಂಜಿನ್ ಚಾಲೂ ಮಾಡಲಿಲ್ಲ, ಮುಚ್ಚಿದ ಜಾಗದಲ್ಲಿ ಆ ಹೊಗೆ ಜೀವ ತೆಗೆಯುತ್ತದೆ. ಬೆಳಗಾಗುವಷ್ಟರಲ್ಲಿ ಟ್ರ್ಯಾಕ್ ಒಳಗಿಂದ ಎರಡು ಬಕೆಟ್‌ನಷ್ಟು ನೀರು ಕರಗಿ ಬಿದ್ದಿತ್ತು. ಇವತ್ತು ಕೆಲಸ ಮುಗಿಸಿ ಬಂದು ಬಿಚ್ಚಲು ಕೂತೆ.

ಹಿಂದಿನ ಬಂಪರ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಟ್ರ್ಯಾಕ್ ಬಿಗಿ ಮಾಡುವ ಎರಡು ಬೋಲ್ಟ್ ಸಡಿಲಿಸಿದೆ. ಆಮೇಲೆ ಸುರುಳಿ ಸ್ಪ್ರಿಂಗ್. ಅದರ ಉದ್ದನೆ ಕಾಲಿಗೆ ಒಂದು ಪೈಪ್ ತೂರಿಸಿ, ಪಕ್ಕಕ್ಕೆ ನಿಂತು, ಎತ್ತಿ ಬ್ಲಾಕ್‌ನಿಂದ ಬಿಡಿಸಿದೆ. ಎದುರಿಗೆ ನಿಲ್ಲಬಾರದು ಅಂತ ಎಲ್ಲ ಕಡೆ ಓದಿದ್ದೆ. ಅದು ಬಿಟ್ಟ ಕ್ಷಣ ಪೈಪ್ ಕೈಯಲ್ಲೇ ಜುಮ್ ಅಂದಿತು. ಬೆರಳು ಅಲ್ಲಿದ್ದಿದ್ದರೆ ಮುರಿಯುತ್ತಿತ್ತು.

ಹಳಿಗಳನ್ನು ಗಾಡಿಯ ಮೈಗೆ ಹಿಡಿದಿರುವುದು ನಾಲ್ಕು ಬೋಲ್ಟ್, ಒಂದೊಂದು ಕಡೆ ಎರಡು. ಇಲ್ಲಿ ಒಂದು ಗಂಟೆ ಹೋಯಿತು. ಎಡಗಡೆಯ ಬೋಲ್ಟ್ ತೆಗೆದುಬಿಟ್ಟೆ. ಬಲಗಡೆಯದನ್ನು ತಿರುಗಿಸಿದರೆ ಒಳಗಿನ ಅಡ್ಡ ಶಾಫ್ಟ್ ಅದರ ಜೊತೆಗೇ ತಿರುಗುತ್ತದೆ! ಬೋಲ್ಟ್ ಹೊರಗೆ ಬರುವುದೇ ಇಲ್ಲ. ಇದಕ್ಕೆ ಏನಾದರೂ ಉಪಾಯ ಇದೆಯಾ?

ಡುಲೂತ್ ದೊಡ್ಡಪ್ಪ · ಜನವರಿ 13, ರಾತ್ರಿ

ಎಲ್ಲರಿಗೂ ಮೊದಲ ಸಲ ಆಗುವುದೇ ಇದು. ತೆಗೆದ ಎಡಗಡೆ ಬೋಲ್ಟ್ ವಾಪಸ್ ಹಾಕಿ ಗಟ್ಟಿ ಬಿಗಿ ಮಾಡು. ಈಗ ಬಲಗಡೆಯದನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ ಬಿಡು. ಮತ್ತೆ ಎಡಕ್ಕೆ ಬಾ, ಅದನ್ನು ಅರ್ಧ ಸುತ್ತು. ಎರಡೂ ಕಡೆ ಮೊದಲ ಹಿಡಿತ ಬಿಟ್ಟ ಮೇಲೆ ಒಂದನ್ನು ಪೂರ್ತಿ ತೆಗೆ. ಆಮೇಲೆ ಇನ್ನೊಂದು ಕೈಯಲ್ಲೇ ಬರುತ್ತದೆ. ಬರದಿದ್ದರೆ ಅಡ್ಡ ಶಾಫ್ಟ್ ಅನ್ನು ಒಳಗಿಂದ ಇಕ್ಕಳದಲ್ಲಿ ಹಿಡಿಯಬೇಕು, ಬಟ್ಟೆ ಸುತ್ತಿ ಹಿಡಿ. ಜೋಡಿಸುವಾಗ ಬೋಲ್ಟ್‌ನ ತಿರುಪಿಗೆ ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕುವುದು ಮರೆಯಬೇಡ. ಎರಡು ಸ್ಪ್ರಿಂಗ್‌ಗೂ ಎಡ, ಬಲ ಅಂತ ಬರೆದಿಡು. ಒಂದರ ಸುರುಳಿ ಇನ್ನೊಂದಕ್ಕೆ ವಿರುದ್ಧ.

ಹೆಗ್ಗೋಡಿನ ಹೌಟನ್ನಿಗ · ಜನವರಿ 14, ರಾತ್ರಿ

ಬಂತು ದೊಡ್ಡಪ್ಪ! ಹಳಿ ಸಮೇತ ಇಡೀ ಚೌಕಟ್ಟು ಹೊರಗೆ ಬಿತ್ತು. ಒಬ್ಬನೇ ಎತ್ತುವುದು ಕಷ್ಟ, ಪೇಡೆ ಊರಿನ ಹುಡುಗ ಬಂದು ಕೈ ಜೋಡಿಸಿದ. ಎರಡೂ ಶಾಕ್ ಬಿಚ್ಚಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಪೇಪರ್ ಹಾಸಿ ಇಟ್ಟೆವು.

ಈಗ ಫಲಿತಾಂಶ. ಸೆಂಟರ್ ಶಾಕ್ ಸೀಲ್ ಮಾಡಿದ್ದು, ತಗಡು ಮಡಚಿದ್ದು. ಹೊರಗೆ ಒಂದು ಹನಿ ಎಣ್ಣೆ ಇಲ್ಲ. ನೋಡಲು ಹೊಸದರ ಹಾಗಿದೆ. ಆದರೆ ಒತ್ತಿದರೆ ಸೈಕಲ್ ಪಂಪಿನ ಹಾಗೆ ಒಳಗೆ ಹೋಗುತ್ತದೆ, ಅರ್ಧ ದಾರಿಯವರೆಗೆ ತಡೆಯೇ ಇಲ್ಲ. ಆಮೇಲೆ ಚೂರು ಬಿಗಿ, ಮತ್ತೆ ಖಾಲಿ.

ಹಿಂದಿನದಕ್ಕೆ ಬಿಚ್ಚುವ ಮುಚ್ಚಳ, ಗ್ಯಾಸ್ ವಾಲ್ವ್ ಎರಡೂ ಇದೆ. ರಾಡ್ ಸರಿಯಾಗಿ ಅರ್ಧ ಇಂಚು. ತೂಕದ ಯಂತ್ರದ ಮೇಲೆ ಮೂರು ಸಲ ಒತ್ತಿದೆವು. 14, 15, 14 ಪೌಂಡ್. ಅಕ್ಕ ಹೇಳಿದ ಲೆಕ್ಕದಲ್ಲಿ ಒಳಗೆ 70 ಪಿಎಸ್‌ಐ ಆಸುಪಾಸು ಉಳಿದಿದೆ. ರಾಡ್ ತಾನಾಗಿ ಹೊರಗೆ ಬರುತ್ತದೆ, ಆದರೆ ತೂಕಡಿಸುತ್ತಾ.

ಇನ್ನೊಂದು ಸಿಕ್ಕಿತು. ಹಿಂದಿನ ಶಾಕ್‌ನ ಕೆಳಗಿನ ಕಣ್ಣಿನ (ಬೋಲ್ಟ್ ತೂರುವ ತೂತು) ಬುಶ್ ಮೊಟ್ಟೆಯಾಕಾರಕ್ಕೆ ಸವೆದಿದೆ. ಬೋಲ್ಟ್ ಹಾಕಿ ಅಲ್ಲಾಡಿಸಿದರೆ 2 ಎಂಎಂ ಆಟ. ಆ ಡಬ್ ಸದ್ದು ಅರ್ಧ ಇದರದ್ದೇ ಇರಬೇಕು. ಅಲ್ಲಿನ ಗ್ರೀಸ್ ನಿಪ್ಪಲ್ ಒಣಗಿ ಮಣ್ಣು ತುಂಬಿತ್ತು.

ಸಡ್ಬರಿ ಅಕ್ಕ · ಜನವರಿ 14, ರಾತ್ರಿ

ಭಲೇ! ನೋಡಿ, ಎಣ್ಣೆ ಸೋರಿದ್ದು ಉಳಿಯುವಂಥದ್ದು, ಸೋರದೇ ಇದ್ದದ್ದು ಸತ್ತದ್ದು. ಬಿಚ್ಚದೆ ಇದು ಗೊತ್ತಾಗುತ್ತಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಸೆಂಟರ್ ಶಾಕ್ ಹೊಸದು ಹಾಕಿ, ಬೇರೆ ದಾರಿಯಿಲ್ಲ. ಸಾಧ್ಯವಾದರೆ ಬಿಚ್ಚಿ ಕಟ್ಟಬಹುದಾದ್ದನ್ನೇ ಕೊಳ್ಳಿ, ಈಗ ಸ್ವಲ್ಪ ಜಾಸ್ತಿ ಆದರೂ ಮುಂದೆ ಉಳಿಯುತ್ತದೆ. ಹಿಂದಿನದಕ್ಕೆ ಸೀಲ್ ಕಿಟ್, ಹೊಸ ಎಣ್ಣೆ, ಹೊಸ ಬುಶ್, ಗ್ಯಾಸ್. ಆದರೆ ಮೊದಲು ರಾಡ್ ನೋಡಿ. ಒಣ ಬಟ್ಟೆಯಿಂದ ಒರೆಸಿ, ಉಗುರಿನ ತುದಿಯನ್ನು ಉದ್ದಕ್ಕೂ ಎಳೆಯಿರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗೀರಿದೆ. ಹೊಸ ಸೀಲ್ ಹಾಕಿದರೂ ಆ ಗೀರು ಒಂದೇ ವಾರದಲ್ಲಿ ಅದನ್ನು ಕೊಯ್ಯುತ್ತದೆ. ಸಣ್ಣ ಮುಳ್ಳಾದರೆ ನಯವಾದ ಎಮರಿ ಪೇಪರ್‌ನಲ್ಲಿ ತೀಡಬಹುದು. ಕ್ರೋಮ್ ಎದ್ದಿದ್ದರೆ ರಾಡೇ ಬದಲಾಯಿಸಬೇಕು.

ಥಂಡರ್ ಬೇ ಗೌಡ · ಜನವರಿ 15, ಬೆಳಿಗ್ಗೆ

ನಾನು ಒಪ್ಪುವುದಿಲ್ಲ. ಹಳೇ ಗಾಡಿಗೆ ಇಷ್ಟು ಯಾಕೆ? ಗುಜರಿಯಲ್ಲಿ ಒಡೆದ ಗಾಡಿಗಳ ಶಾಕ್ ಸಿಗುತ್ತವೆ. ಎರಡೂ ಸೇರಿ 120 ಡಾಲರ್. ನಾನು ಎರಡು ಸಲ ಹಾಗೆ ಹಾಕಿ ಓಡಿಸಿದ್ದೇನೆ. ವಾರಾಂತ್ಯದಲ್ಲಿ ಮುಗಿಯುವ ಕೆಲಸ.

ಡುಲೂತ್ ದೊಡ್ಡಪ್ಪ · ಜನವರಿ 15, ಬೆಳಿಗ್ಗೆ

ಗೌಡ್ರೇ, ತಪ್ಪು ಅನ್ನುವುದಿಲ್ಲ. ನಾನೂ ಹಾಕಿದ್ದೇನೆ. ಆದರೆ ನಾಲ್ಕು ಅಳತೆ ನೋಡಿಯೇ ಕೊಳ್ಳಬೇಕು: ಕಣ್ಣಿಂದ ಕಣ್ಣಿಗೆ ಉದ್ದ, ರಾಡ್ ಎಷ್ಟು ಒಳಗೆ ಹೋಗುತ್ತದೆ, ಕಣ್ಣಿನ ಅಗಲ, ಬೋಲ್ಟ್ ದಪ್ಪ. ಉದ್ದ ಒಂದೇ ಇದ್ದು, ರಾಡ್ ಓಡಾಟ ಒಂದು ಇಂಚು ಕಡಿಮೆ ಇದ್ದರೆ, ತೋಳು ತನ್ನ ತಡೆಗೆ ತಾಗುವ ಮೊದಲೇ ಶಾಕ್ ತಳ ಮುಟ್ಟುತ್ತದೆ. ಆಗ ಪೆಟ್ಟೆಲ್ಲ ರಾಡ್ ಮೇಲೆ. ರಾಡ್ ಬಗ್ಗುತ್ತದೆ ಅಥವಾ ಹಳಿ ಸೀಳುತ್ತದೆ. ಹಳಿ ಬೆಲೆ ಶಾಕ್‌ಗಿಂತ ಜಾಸ್ತಿ.

ಇನ್ನೊಂದು, ಒಳಗಿನ ಬಿಲ್ಲೆಗಳ ಜೋಡಣೆ ಹೊರಗಿಂದ ಕಾಣುವುದಿಲ್ಲ. ಬೆಟ್ಟದ ಹಿಮಕ್ಕೆ ಮಾಡಿದ ಉದ್ದ ಟ್ರ್ಯಾಕ್ ಗಾಡಿಯ ಶಾಕ್ ನಮ್ಮ ಟ್ರೇಲ್ ಗಾಡಿಗೆ ಕೂರಬಹುದು, ನಡತೆ ಕೂರುವುದಿಲ್ಲ. ಗುಜರಿ ಶಾಕ್ ಎಷ್ಟು ಮೈಲಿ ಓಡಿದೆ ಅನ್ನುವುದೂ ಗೊತ್ತಿರುವುದಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ಗಾಡಿಗೆ ನಾನಂತೂ ಅದನ್ನು ಹಾಕು ಅನ್ನಲಾರೆ.

ಥಂಡರ್ ಬೇ ಗೌಡ · ಜನವರಿ 15, ಮಧ್ಯಾಹ್ನ

ಇದು ನ್ಯಾಯವಾದ ಮಾತು. ನಾನು ಒಬ್ಬನೇ ಓಡಿಸುವವನು. ಅಳತೆ ವಿಷಯ ಬರೆದಿಟ್ಟುಕೊಂಡೆ.

ಹೆಗ್ಗೋಡಿನ ಹೌಟನ್ನಿಗ · ಜನವರಿ 19, ರಾತ್ರಿ

ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಪಾರ್ಸೆಲ್ ಬರಬೇಕಿತ್ತು.

ರಾಡ್ ಮೇಲೆ ಉಗುರು ಎಳೆದೆ. ಒಂದು ಕಡೆ ಚೂರು ತಡೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಎಳ್ಳಿಗಿಂತ ಚಿಕ್ಕ ಮುಳ್ಳು, ಕ್ರೋಮ್ ಎದ್ದಿರಲಿಲ್ಲ. 1500 ನಂಬರಿನ ಪೇಪರಿಗೆ ಎಣ್ಣೆ ಹಚ್ಚಿ ಮೆಲ್ಲಗೆ ತೀಡಿದೆ. ಈಗ ಉಗುರಿಗೆ ತಿಳಿಯುವುದಿಲ್ಲ.

ಕನ್ನಡಕ ಹಾಕಿಕೊಂಡು, ವಾಲ್ವ್ ಗೋಡೆಯ ಕಡೆ ತಿರುಗಿಸಿ ಗ್ಯಾಸ್ ಬಿಟ್ಟೆ. ಸುಸ್ ಅಂತ ಎರಡೇ ಸೆಕೆಂಡ್. ವಾಲ್ವ್ ಒಳಗಿನ ಸೂಜಿಯನ್ನೂ ತೆಗೆದಿಟ್ಟೆ. ಆಮೇಲೆ ವೈಸ್‌ಗೆ ಹಿಡಿದು ಮುಚ್ಚಳ ಬಿಚ್ಚಿದೆ. ಒಳಗಿಂದ ಬಂದ ಎಣ್ಣೆ ನೋಡಬೇಕಿತ್ತು ನೀವು. ಕೊಟ್ಟಿಗೆಗೆ ಒಯ್ಯುವ ಅಕ್ಕಚ್ಚಿನ ಬಣ್ಣ, ಮೇಲೆ ನೊರೆ. ಹೊಸ ಎಣ್ಣೆ ಪಕ್ಕದಲ್ಲಿಟ್ಟರೆ ಕೆಂಪಗೆ, ಗಾಜಿನ ಹಾಗೆ ತಿಳಿ. ಹಳೆಯದನ್ನು ಬಿಳಿ ತಟ್ಟೆಗೆ ಸುರಿದು ವಾಲಿಸಿದರೆ ತಳದಲ್ಲಿ ಬೆಳ್ಳಿ ಪುಡಿ ಮಿನುಗಿತು. ಒಳಗೆ ಎಲ್ಲೋ ಸವೆದು ಬಂದ ಪುಡಿ ಇರಬೇಕು. ಕೊಳವೆ ಒಳಗೆ ಬೆರಳಾಡಿಸಿದೆ, ನಯವಾಗಿತ್ತು.

ಬಿಲ್ಲೆಗಳನ್ನು ತೆಗೆಯುವಾಗ ಒಂದು ತಂತಿಗೆ ಪೋಣಿಸಿದೆ. ಯಾವ ಕಡೆ ಮೇಲೆ, ಯಾವುದರ ನಂತರ ಯಾವುದು ಅನ್ನುವುದು ಬದಲಾಗಬಾರದಲ್ಲ. ಒಂದೊಂದೂ ಬೇರೆ ಬೇರೆ ಅಗಲ. ಬೆಳಕಿಗೆ ಹಿಡಿದು ನೋಡಿದೆ, ಬಗ್ಗಿದ್ದು ಬಿರುಕು ಬಿಟ್ಟಿದ್ದು ಇರಲಿಲ್ಲ. ತೊಳೆದು ಅದೇ ಕ್ರಮದಲ್ಲಿ ವಾಪಸ್.

ತೇಲುವ ಪಿಸ್ಟನ್ ಎಷ್ಟು ಆಳಕ್ಕೆ ಕೂರಬೇಕು ಅನ್ನುವ ಅಳತೆ ಕೈಪಿಡಿಯಲ್ಲಿತ್ತು. ಅದನ್ನು ಮಾತ್ರ ಅಂದಾಜಿನಲ್ಲಿ ಮಾಡಲಿಲ್ಲ, ಕ್ಯಾಲಿಪರ್‌ನಲ್ಲಿ ಎರಡು ಸಲ ಅಳೆದೆ. ಆಳ ತಪ್ಪಿದರೆ ರಾಡ್ ಪೂರ್ತಿ ಒಳಗೆ ಹೋದಾಗ ಎರಡು ಪಿಸ್ಟನ್ ಡಿಕ್ಕಿ ಹೊಡೆಯುತ್ತವೆ. ಆಮೇಲೆ ಎಣ್ಣೆ ಹಾಕಿ ರಾಡ್ ಅನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತಾ ಕೂತೆ. ಗುಳ್ಳೆ ಬರುತ್ತಲೇ ಇದ್ದವು. ಇಪ್ಪತ್ತು ನಿಮಿಷ ಆದ ಮೇಲೆ ನಿಂತವು. ಆತುರಪಟ್ಟು ಮುಚ್ಚಿದ್ದರೆ ಆ ಗಾಳಿಯೆಲ್ಲ ಒಳಗೇ ಉಳಿಯುತ್ತಿತ್ತು. ಮುಚ್ಚಳ ಹಾಕಿ, ಸೂಜಿ ವಾಪಸ್ ಕೂರಿಸಿದೆ.

ಗ್ಯಾಸ್ ತುಂಬುವ ಸಾಮಾನು ನನ್ನ ಹತ್ತಿರ ಇಲ್ಲ. ನಲವತ್ತು ಮೈಲಿ ದೂರದ ಒಂದು ಚಿಕ್ಕ ಅಂಗಡಿಗೆ ಒಯ್ದೆ. ಅಲ್ಲಿನ ಮುದುಕರು 200 ತುಂಬಿ, ಶಾಕ್ ಅನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಐದು ನಿಮಿಷ ನೋಡಿದರು. ಒಂದು ಗುಳ್ಳೆಯೂ ಇಲ್ಲ. 20 ಡಾಲರ್ ತಗೊಂಡರು.

ಮನೆಗೆ ಬಂದು ತೂಕದ ಯಂತ್ರದ ಮೇಲೆ ಒತ್ತಿದೆ. 41 ಪೌಂಡ್.

ಸಡ್ಬರಿ ಅಕ್ಕ · ಜನವರಿ 19, ರಾತ್ರಿ

41! 39ರ ಮೇಲೆ ಎರಡು ಪೌಂಡ್ ಹೊಸ ಸೀಲ್‌ನ ಹಿಡಿತ. ಓದಿ ಖುಷಿಯಾಯಿತು.

ಜೋಡಿಸುವಾಗ ಮುಂದಿನ ತೋಳನ್ನು ಹಿಡಿದಿರುವ ಪಟ್ಟಿಯನ್ನೂ ನೋಡಿ. ಅಂಚು ನೂಲು ಬಿಟ್ಟಿದ್ದರೆ ಈಗಲೇ ಬದಲಾಯಿಸಿ. ಹರಿದರೆ ಸೆಂಟರ್ ಶಾಕ್ ತನ್ನ ಮಿತಿ ಮೀರಿ ಎಳೆದುಕೊಳ್ಳುತ್ತದೆ, ಹೊಸದೂ ಹಾಳು. ಟ್ರ್ಯಾಕ್ ಬಿಗಿ ಕೈಪಿಡಿಯಲ್ಲಿದ್ದಷ್ಟೇ ಇರಲಿ. ಹತ್ತು ಪೌಂಡ್ ತೂಕ ತೂಗುಹಾಕಿ ಎಷ್ಟು ಜೋತುಬೀಳುತ್ತದೆ ಅಂತ ಅಳೆಯಬೇಕು. ಆಮೇಲೆ ಹಿಂಭಾಗ ಎತ್ತಿ ನಿಧಾನವಾಗಿ ತಿರುಗಿಸಿ, ಎರಡೂ ಹಳಿಯ ಪಕ್ಕ ಒಂದೇ ಅಂತರ ಇದೆಯಾ ನೋಡಿ.

ಹೆಗ್ಗೋಡಿನ ಹೌಟನ್ನಿಗ · ಜನವರಿ 25, ಶನಿವಾರ ಸಂಜೆ

ಇವತ್ತು ಓಡಿಸಿದೆವು. ಬೆಳಿಗ್ಗೆ ಮೈನಸ್ 17. ಹೊರಡುವ ಮೊದಲು ಮಡಿಕೇರಿ ಸಾರ್ ಹೇಳಿದ ಹಾಗೆ ಹಿಂಭಾಗ ನಾಲ್ಕು ಸಲ ಎತ್ತಿ ಬಿಟ್ಟೆ. ಇಬ್ಬರೂ ಕೂತಾಗ ಎಷ್ಟು ಇಳಿಯುತ್ತದೆ ಅಂತ ಬಂಪರ್ ಹತ್ತಿರ ಟೇಪ್ ಹಿಡಿದು ನೋಡಿ, ಸ್ಪ್ರಿಂಗ್ ಬ್ಲಾಕ್ ಅನ್ನು ಒಂದು ಮೆಟ್ಟಿಲು ಏರಿಸಿದೆ.

ಹಿಂದಿನ ಶಾಕ್ ರಾಡ್‌ಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿದ್ದೆ. ರಾಡ್ ಎಷ್ಟು ಒಳಗೆ ಹೋಯಿತೋ ಅಷ್ಟು ದೂರಕ್ಕೆ ಅದನ್ನು ತಳ್ಳಿಕೊಂಡು ಹೋಗಿ ಅಲ್ಲೇ ಬಿಡುತ್ತದೆ. ಅದೇ ರೈಲು ದಾರಿ, ಅದೇ ಅಲೆಗಳು, 46 ಮೈಲಿ. ಗಾಡಿ ಒಂದು ಅಲೆಗೆ ಒಂದೇ ಸಲ ಇಳಿದು ಎದ್ದಿತು. ವಾಪಸ್ ಬಂದು ಬಗ್ಗಿ ನೋಡಿದೆ. ಟೈ ತಳದಿಂದ ಮುಕ್ಕಾಲು ಇಂಚು ಹಿಂದೆ ನಿಂತಿತ್ತು. ಒಮ್ಮೆಯೂ ತಳ ಬಡಿದಿಲ್ಲ. ರಾಡ್ ಒಣಗಿತ್ತು.

ಮಧ್ಯದಲ್ಲಿ ಒಂದು ಕಡೆ ನಿಂತು ಫ್ಲಾಸ್ಕ್‌ನಿಂದ ಕಾಫಿ ಕುಡಿದೆವು. "ಇನ್ನೂ ಹತ್ತು ಮೈಲಿ ಹೋಗೋಣ" ಅಂದವಳು ಅವಳೇ.

ಇನ್ನು ಖರ್ಚಿನ ಲೆಕ್ಕ: ಸೆಂಟರ್ ಶಾಕ್, ಬಿಚ್ಚಿ ಕಟ್ಟಬಹುದಾದದ್ದು, 190. ಸೀಲ್ ಕಿಟ್ 38, ಎಣ್ಣೆ 16, ಬುಶ್ ಮತ್ತು ಬೋಲ್ಟ್ 27, ಗ್ಯಾಸ್ 20. ಒಟ್ಟು 291 ಡಾಲರ್. ತಾರೀಖು, ಮೈಲಿ ಎರಡನ್ನೂ ಟೇಪಿನ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿದ್ದೇನೆ. ಗ್ರೀಸ್ ಗನ್ ಈಗ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿದೆ.

ಡುಲೂತ್ ದೊಡ್ಡಪ್ಪ · ಜನವರಿ 25, ರಾತ್ರಿ

ಐವತ್ತು ಮೈಲಿ ಆದ ಮೇಲೆ ನಾಲ್ಕೂ ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ ನೋಡು ಮಗಾ. ಟ್ರ್ಯಾಕ್ ಬಿಗಿಯನ್ನೂ ಇನ್ನೊಮ್ಮೆ ಅಳೆ.

ಪೇಡೆ ಊರಿನವ · ಜನವರಿ 25, ರಾತ್ರಿ

ಅಣ್ಣಾ, ಟೌನಿನಲ್ಲಿ ಒಂದು ಹಳೇ ಗಾಡಿ ಮಾರಾಟಕ್ಕಿದೆ. ನಾಳೆ ನೋಡಲು ಹೋಗುತ್ತಿದ್ದೇನೆ. ತೂಕದ ಯಂತ್ರ ಬೇಡ, ನೀವೇ ಜೊತೆಗೆ ಬರುತ್ತೀರಾ?

ಹೆಗ್ಗೋಡಿನ ಹೌಟನ್ನಿಗ · ಜನವರಿ 25, ರಾತ್ರಿ

ಹತ್ತು ಗಂಟೆಗೆ ಮನೆ ಹತ್ತಿರ ಬಾ. ತಿಂಡಿ ತಿಂದು ಹೋಗೋಣ. ಮಾರುವವರಿಗೆ ಗಾಡಿ ಮೊದಲೇ ಬೆಚ್ಚಗೆ ಮಾಡಿಡಬೇಡಿ ಅಂತ ಹೇಳಿಡು, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು.